ಹದಿನೈದು ಕಾಡತೂಸು

ಹೋಟಗಿಯಿಂದ ಬಂದ ಅಕ್ಕನಾಗಮ್ಮ ಚಹಾ ಮುಟ್ಟಲಿಲ್ಲ. ಕಪ್ಪು-ಬಸಿ ಎದುರಿಗೆ ಹಾಗೇ ಇತ್ತು. ತಮ್ಮ ಸಾತಲಿಂಗಪ್ಪನ ಪಡಸಾಲೆಯ ಗೋಡೆಯಲ್ಲಿದ್ದ ಎರಡು ಖಾಲಿ ಮೊಳೆಗಳನ್ನು ಸ್ವಲ್ಪ ಹೊತ್ತು ನೋಡಿ,

“ಅಪ್ಪನ ಬಂದೂಕ ಎಲ್ಲದ?” ಎಂದಳು.

“ಇಲೆಕ್ಷನ್ ಇತ್ತಲ್ಲಕ್ಕಾ. ಅಂಗಡ್ಯಾಗ ಜಮಾ ಮಾಡೀನಿ. ಯಾಕ?”

“ಹಂದಿ ನಿಮ್ಮ ಮಾವನ್ನ ಹೊಡದದ.”

ಸಾತಲಿಂಗಪ್ಪ ಎದ್ದು ನಿಂತ. ಅಕ್ಕ ಅಳದೆ, ದನಿ ಏರಿಸದೆ ಹೇಳಿದಳು. ಬಾವಿ ನೀರಿನ ಮೇಲೆ ಎರಡು ಎಕರೆ ಶೇಂಗಾ ಹಾಕಿದ್ದರು. ಕಾಯಿ ಕಟ್ಟುವ ಹೊತ್ತಿಗೆ ಕೆರೆಯಂಚಿನ ಜಾಲಿ ಕಂಟಿಯಿಂದ ಹಂದಿಗಳ ಹಿಂಡು ಬರತೊಡಗಿತು. ನಿನ್ನೆ ಸಂಜೆ ಓಡಿಸಲು ಹೋದ ಗಂಡನ ತೊಡೆಯನ್ನು ದೊಡ್ಡ ಗಂಡುಹಂದಿ ಕೋರೆಯಿಂದ ಸೀಳಿತು. ಹದಿನೆಂಟು ಹೊಲಿಗೆ ಬಿದ್ದಿವೆ. ಈಗ ಅವನು ಸೋಲಾಪುರದ ದವಾಖಾನೆಯಲ್ಲಿ ಮಲಗಿದ್ದಾನೆ.

“ಊರ ಪಾಟೀಲಕಿ ಮಾಡಿದ ಮನಿತನ ನಮ್ದು. ಅಪ್ಪ ಇದ್ದಾಗ ಒಂದ ಹಂದಿ ಬೇಲಿ ದಾಟಿರಲಿಲ್ಲ. ಈಗ ಬಂದೂಕ ಯಾರ ಹೆಸರಲೆ ಅದ?”

“ನನ್ನ ಹೆಸರಲೆ” ಎಂದ ಸಾತಲಿಂಗಪ್ಪ, ತಪ್ಪೊಪ್ಪಿಕೊಂಡವನ ಹಾಗೆ.

ಅವನು ಸೋಲಾಪುರದ ನಗರಪಾಲಿಕೆಯಲ್ಲಿ ಜನನ ಮರಣದ ಗುಮಾಸ್ತ. ಇಪ್ಪತ್ತು ವರ್ಷಗಳಲ್ಲಿ ಸಾವಿರಾರು ಸಾವುಗಳನ್ನು ದುಂಡಗೆ ಬರೆದಿದ್ದ, ಒಂದನ್ನೂ ಮಾಡಿರಲಿಲ್ಲ. ಮನೆಯಲ್ಲಿ ಇರುವೆ ಸಾಲು ಕಂಡರೂ ಹೆಂಡತಿ ಉಮಾಬಾಯಿಗೆ “ಸುತ್ತಹಾಕಿ ಹೋಗು” ಎನ್ನುವವನು. ಅಪ್ಪ ತೀರಿದ ಮೇಲೆ ರೈಫಲ್ ಅವನಿಗೆ ಬಂದಿತ್ತು, ಜೊತೆಗೆ ಪರವಾನಾ ಪುಸ್ತಕವೂ. ವರ್ಷಕ್ಕೊಮ್ಮೆ ಪರವಾನಾಕ್ಕೆ ಶಿಕ್ಕಾ ಹೊಡೆಸುವುದು, ಚುನಾವಣೆ ಬಂದಾಗ ಬಂದೂಕು ಜಮಾ ಮಾಡುವುದು, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು, ದಸರೆಗೆ ಚೆಂಡುಹೂ ಏರಿಸುವುದು. ಇಷ್ಟೇ ಅವನ ಬೇಟೆ. ಹನ್ನೊಂದು ವರ್ಷಗಳಲ್ಲಿ ಒಂದು ಗುಂಡೂ ಹಾರಿರಲಿಲ್ಲ.

“ಅಕ್ಕಾ, ನನಗ ಹೊಡ್ಯಾಕ ಬರಂಗಿಲ್ಲ.”

“ಕಲಿ” ಎಂದಳು ಅಕ್ಕನಾಗಮ್ಮ. “ಭಾನುವಾರ ಬಾ.” ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ದವಾಖಾನೆಗೆ ನಡೆದಳು.

ಶನಿವಾರ ಕಚೇರಿ ಮುಗಿಸಿ ಸಾತಲಿಂಗಪ್ಪ ಬಂದೂಕಿನ ಅಂಗಡಿಗೆ ಹೋದ. ಮಾಲಕ ಪಂಢರಿನಾಥ ಒಳಗಿನಿಂದ ಖಾಕಿ ಚೀಲದಲ್ಲಿದ್ದ ರೈಫಲನ್ನು ತಂದು ಕೊಟ್ಟು, ಕಾಡತೂಸಿನ ಡಬ್ಬಿ ತೆಗೆದ.

“ಹದಿನೈದ ಉಳದಾವ್ರಿ. ನಿಮ್ಮ ವರ್ಷದ ಕೋಟಾನೂ ಇಷ್ಟಕ್ಕ ಖಲಾಸ. ಹಂದಿ ಹೊಡೀಬೇಕಂದ್ರ ಮೊದಲ ಝೀರೋ ಮಾಡಿಕೊಳ್ರಿ.”

“ಝೀರೋ ಅಂದ್ರ?”

“ಗುರಿ ಕೂಡಸೋದು. ನಿಮ್ಮ ಕಣ್ಣು ನೋಡಿದ್ದು, ಗುಂಡು ಬಿದ್ದದ್ದು ಎರಡೂ ಒಂದ ಜಾಗಾ ಆಗಬೇಕು. ಇಲ್ಲಾಂದ್ರ ನೀವು ಹಂದೀನ ನೋಡ್ತೀರಿ, ಗುಂಡು ಮತ್ತೊಬ್ಬರನ್ನ ನೋಡ್ತದ.”

ಈ ಕೊನೆಯ ಮಾತಿನಿಂದ ಸಾತಲಿಂಗಪ್ಪನಿಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ವಿಷಯ ವಾಡೆಯಲ್ಲಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಭಾನುವಾರ ಬೆಳಗ್ಗೆ ಅವನು ಲಿಂಗಪೂಜೆ ಮುಗಿಸಿ ಹೊರಗೆ ಬಂದಾಗ, ಎದುರು ಖೋಲಿಯ ಗಣಿತದ ಮಾಸ್ತರ ಶ್ರೀನಿವಾಸರಾಯರು ಕೋಟು ಟೊಪ್ಪಿಗೆ ಹಾಕಿಕೊಂಡು, ಬಗಲಲ್ಲಿ ವಹಿ, ಕಿಸೆಯಲ್ಲಿ ಕಂಪಾಸ ಪೆಟ್ಟಿಗೆ ಇಟ್ಟುಕೊಂಡು ತಯಾರಾಗಿ ನಿಂತಿದ್ದರು.

“ಸಾತಲಿಂಗಪ್ಪನವರ, ನೀವೊಬ್ಬರ ಹೋಗಬ್ಯಾಡ್ರಿ. ಗುಂಡು ಹೊಡಿಯೋದು ಕೈಯಿನ ಕೆಲಸ ಅಲ್ಲ, ಕೋನದ ಕೆಲಸ. ಮೂವತ್ತು ವರ್ಷ ನಾ ಅದನ್ನ ಕಲಸ್ಲಿಕ್ಕತ್ತೀನಿ.”

“ನೀವು ಯಾವಾಗರ ಬಂದೂಕ ಹೊಡದೀರೇನ್ರಿ?”

“ಹೊಡಿಯೋದು ಯಾಕ್ರಿ? ಚಂದ್ರನ ದೂರ ಅಳದವ್ರು ಚಂದ್ರನ ಮ್ಯಾಲ ಹೋಗಿದ್ರೇನು?”

ಇಬ್ಬರೂ ರೈಲು ಹತ್ತಿದರು. ಡಬ್ಬಿಯಲ್ಲಿ ಒಬ್ಬ ಮುದುಕಿ ಖಾಕಿ ಚೀಲವನ್ನು ಭಕ್ತಿಯಿಂದ ನೋಡಿ, “ಭಜನಿಗೆ ಹೊಂಟೀರೇನ್ರಿ? ತಂಬೂರಿ ಭಾಳ ಸಣ್ಣದದಲ್ಲ” ಎಂದಳು. ಸಾತಲಿಂಗಪ್ಪ ಸುಳ್ಳು ಹೇಳಲಾರದೆ, ನಿಜವನ್ನೂ ಹೇಳಲಾರದೆ ತಲೆ ತಗ್ಗಿಸಿದ. “ಹೌದವಾ, ಇವತ್ತು ಒಂದ ಸ್ವರ ಕೂಡಸ್ಲಿಕ್ಕೆ ಹೊಂಟೇವಿ” ಎಂದರು ಮಾಸ್ತರ.

ಹೊಲ ಮುಟ್ಟುವಷ್ಟರಲ್ಲಿ ಒಂಬತ್ತು ಗಂಟೆ. ಅಕ್ಕನಾಗಮ್ಮ ಗಂಡನಿಗೆ ರೊಟ್ಟಿ ಕಟ್ಟಿಕೊಂಡು ಸೋಲಾಪುರಕ್ಕೆ ಹೋಗುವ ಅವಸರದಲ್ಲಿದ್ದಳು. “ಸಂಜೀಕ ನಾಕಕ್ಕ ಬರ್ತೀನಿ. ಹಂದಿ ಹೊತ್ತು ಮುಳಗೂ ಮುಂದ ಬರ್ತಾವ. ಅಷ್ಟರಾಗ ಅದೇನ ಕಲೀತಿ ಕಲಿ” ಎಂದು ಹೇಳಿ, ಚೀಲ ಬಿಚ್ಚಿ ನೋಡುವಷ್ಟೂ ನಿಲ್ಲದೆ ಸ್ಟೇಶನ್ನಿನ ಕಡೆ ನಡೆದಳು.

ಹೊಲದ ಪಡುವಣಕ್ಕೆ ಹಳೆಯ ಕಲ್ಲಿನ ಖಣಿ, ಅದರ ಹಿಂದೆ ಎರಡಾಳೆತ್ತರದ ಮಣ್ಣಿನ ದಿಬ್ಬ. ಗುಂಡು ಅದನ್ನು ದಾಟಿ ಹೋಗುವಂತಿರಲಿಲ್ಲ. ದಿಬ್ಬದ ಮುಂದೆ ಗೂಟ ನೆಟ್ಟು ಎಣ್ಣೆ ಡಬ್ಬಿಯ ತಗಡು ಕಟ್ಟಿದರು. ಮಾಸ್ತರರು ಅದರ ಮೇಲೆ ಸುಣ್ಣದಿಂದ ವೃತ್ತ ಬರೆದರು. ಕಂಪಾಸಿನಿಂದ ಬರೆದದ್ದರಿಂದ ವೃತ್ತ ಅಂಗೈಯಷ್ಟೇ ಇತ್ತು. ನೂರು ಹೆಜ್ಜೆ ಎಣಿಸಿ ಬಂದು ನೋಡಿದರೆ ತಗಡೇ ಒಂದು ಚುಕ್ಕೆಯಾಗಿ ಕಾಣುತ್ತಿತ್ತು.

ರೈಫಲ್ ಹೊರಗೆ ತೆಗೆದಾಗ ಅಂಗಡಿಯವರು ಹಚ್ಚಿದ ಎಣ್ಣೆಯಿಂದ ಅದು ಮಿರಮಿರನೆ ಮಿಂಚುತ್ತಿತ್ತು. ಸಾತಲಿಂಗಪ್ಪ ಅಪ್ಪನನ್ನು ನೆನೆದು ನಮಸ್ಕಾರ ಮಾಡಿ, ನಿಂತುಕೊಂಡು, ಎರಡೂ ಕಣ್ಣು ಮುಚ್ಚಿ, ಬಂದೂಕಿನ ಕುದುರೆ ಎಳೆದ.

ಆದ ಸದ್ದಿಗೆ ಖಣಿಯಿಂದ ಪಾರಿವಾಳಗಳ ದೊಡ್ಡ ಹಿಂಡು ಎದ್ದಿತು. ಸಾತಲಿಂಗಪ್ಪ ಮೂರು ಹೆಜ್ಜೆ ಹಿಂದಕ್ಕೆ ಹೋಗಿ ಕುಳಿತುಬಿಟ್ಟ. ಭುಜಕ್ಕೆ ಕತ್ತೆ ಒದ್ದ ಹಾಗಾಗಿತ್ತು. ತಗಡು ಏನೂ ಆಗದೆ ನಿಂತಿತ್ತು.

“ಒಂದು” ಎಂದು ಮಾಸ್ತರರು ವಹಿಯಲ್ಲಿ ಬರೆದುಕೊಂಡರು.

ಎರಡನೆಯದಕ್ಕೂ ಮೂರನೆಯದಕ್ಕೂ ಅವನು ಕಣ್ಣು ತೆರೆದಿದ್ದ. ತಗಡಿನ ಎಡಕ್ಕೆ ಒಂದು ಮೊಳ ದೂರದಲ್ಲಿ ದಿಬ್ಬದಿಂದ ಮಣ್ಣು ಹಾರಿತು.

“ಪ್ರಶ್ನೆ ತಿಳೀತು” ಎಂದರು ಮಾಸ್ತರ, ಕಣ್ಣರಳಿಸಿ. ನಳಿಕೆಯ ತುದಿಯಲ್ಲಿ ಕಾಳಿನಷ್ಟು ಸಣ್ಣ ಉಕ್ಕಿನ ಮುಳ್ಳು ಇರುತ್ತದೆ. ಅದಕ್ಕೆ ಮಕ್ಖಿ ಎನ್ನುತ್ತಾರೆ, ಅದನ್ನು ನೋಡಿಯೇ ಗುರಿ ಹಿಡಿಯುವುದು. ಮಾಸ್ತರರು ಅದರ ಮೇಲೆ ಬೆರಳಿಟ್ಟರು. “ಗುಂಡು ಎಡಕ್ಕ ಹೋಗ್ಲಿಕ್ಕತ್ತದ. ನಮಗ ಬಲಕ್ಕ ಬೇಕು. ಅಂದ ಮ್ಯಾಲ ಇದನ್ನ ಬಲಕ್ಕ ಸರಸಬೇಕು. ಮೂರನೇತ್ತಾ ಸಾಲಿ ಹುಡುಗರಿಗೂ ತಿಳೀತದ.” ಅಕ್ಕನ ಗುಡಿಸಲಿನಿಂದ ಸುತ್ತಿಗೆ ತಂದು ಎರಡು ಪೆಟ್ಟು ಹಾಕಿದರು.

ನಾಲ್ಕನೆಯ ಗುಂಡು ಎರಡು ಮೊಳ ಎಡಕ್ಕೆ ಬಿತ್ತು.

“ಸಾಲಲಿಲ್ಲ” ಎಂದು ಮಾಸ್ತರರು ಮತ್ತೆ ಮೂರು ಪೆಟ್ಟು ಹಾಕಿದರು.

ಅಷ್ಟರಲ್ಲಿ ಸದ್ದು ಕೇಳಿ ಊರಿನ ಹತ್ತು ಹನ್ನೆರಡು ಮಂದಿ ಬದುವಿನ ಮೇಲೆ ಬಂದು ಕುಳಿತಿದ್ದರು. ಐದನೆಯ ಗುಂಡು ಹೊರಟಾಗ ಅವರೆಲ್ಲ ಎದ್ದು “ಶಾಬ್ಬಾಸ್!” ಎಂದು ಕೂಗಿದರು. ದಿಬ್ಬದ ಬುಡಕ್ಕೇ ತಾಗಿದ್ದ ಪಕ್ಕದ ಹೊಲದಲ್ಲಿ ಒಂದು ಬೆದರುಗೊಂಬೆ ಇತ್ತು. ಅದರ ತಲೆಯಾಗಿದ್ದ ಗಡಿಗೆ ಚೂರುಚೂರಾಗಿ ಬಿದ್ದಿತ್ತು.

ಆ ಹೊಲದ ಒಡತಿ ಸೋನಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಬರುವಾಗಲೇ ಬಯ್ಯತೊಡಗಿದ್ದಳು.

“ನೀವು ಹಂದಿ ಹೊಡ್ಯಾಕ ಬಂದೀರೋ, ಮಂದಿ ಹೊಡ್ಯಾಕ ಬಂದೀರೋ? ಆ ಗೊಂಬಿ ಮೈಮ್ಯಾಲ ನನ್ನ ಗಂಡನ ಅಂಗಿ ಅದ! ಅವ ನಿನ್ನಿ ಅದ ಜಾಗಾದಾಗ ನಿಂತು ಬೀಡಿ ಸೇದಾಕತ್ತಿದ್ದ!”

ಸಾತಲಿಂಗಪ್ಪ ಆ ಅಂಗಿಯನ್ನು ನೋಡಿದ. ಆ ಅಂಗಿಯೊಳಗೆ ಜೀವವಿದ್ದಿದ್ದರೆ? ಅವನು ಸೋಮವಾರ ತನ್ನ ಕೈಯಿಂದಲೇ ಹೆಸರು, ವಯಸ್ಸು, ಮರಣದ ಕಾರಣ ಬರೆಯಬೇಕಾಗುತ್ತಿತ್ತು. ರೈಫಲನ್ನು ಚಾಪೆಯ ಮೇಲೆ ಮಲಗಿಸಿ ಕೈಮುಗಿದ.

“ತಪ್ಪಾತವ್ವಾ. ಇನ್ನ ನಾ ಹೊಡ್ಯಾಂಗಿಲ್ಲ. ಅಕ್ಕಗ ನಾನ ಹೇಳ್ತೀನಿ.”

ಆಗಲೇ ರೈಲ್ವೆ ಗೇಟಿನ ಕಡೆಯಿಂದ ಒಬ್ಬ ಎತ್ತರದ ಆಳು ದಾಪುಗಾಲು ಹಾಕುತ್ತ ಬಂದ. ಅಮೋಗಸಿದ್ಧ, ಗೇಟಿನ ಚೌಕೀದಾರ. ಅದಕ್ಕೂ ಮೊದಲು ಹದಿನೇಳು ವರ್ಷ ಪಲ್ಟಣದಲ್ಲಿ ಹವಾಲ್ದಾರನಾಗಿದ್ದವನು. ಯಾರನ್ನೂ ಮಾತಾಡಿಸದೆ ರೈಫಲ್ ಎತ್ತಿ, ಖಾಲಿ ಮಾಡಿ, ಮಕ್ಖಿಯನ್ನು ನೋಡಿದ. ಅದು ತನ್ನ ಗೂಡಿನಿಂದ ಅರ್ಧ ಹೊರಗೆ ಬಂದು, ತಲೆಬಾಗಿಲಲ್ಲಿ ನಿಂತ ಬೀಗರಂತೆ ಇತ್ತು.

“ಇದನ್ನ ಬಲಕ್ಕ ಬಡದವ್ರು ಯಾರ್ರಿ?”

“ನಾನು” ಎಂದರು ಮಾಸ್ತರ. “ತರ್ಕ ಹಿಂಗದ ನೋಡ್ರಿ...”

“ತರ್ಕ ಹೊಲ್ದಾಗ ಬಿತ್ತಿ ಬರ್ರಿ. ಮುಂದಿನ ಮಕ್ಖಿ ಉಲ್ಟಾ ಇರ್ತದ. ಗುಂಡು ಎತ್ತ ಚೂಕಾಗ್ತದೋ ಮಕ್ಖೀನ ಅತ್ತ ಸರಸಬೇಕು. ಹಿಂಗ ಬಡಕೊಂತ ಹೋಗಿದ್ರ ಹತ್ತನೇ ಗುಂಡಿಗೆ ನನ್ನ ಗೇಟು ಹೋಗ್ತಿತ್ತು.”

ಮಾಸ್ತರರು ವಹಿಯ ಆ ಪುಟವನ್ನು ಮೆಲ್ಲಗೆ ತಿರುವಿದರು.

ಅಮೋಗಸಿದ್ಧ ಸಾತಲಿಂಗಪ್ಪನತ್ತ ನೋಡಿದ. ಬೆವರು, ಮಣ್ಣು ಹತ್ತಿದ ಧೋತರ. “ಸಾಹೇಬ್ರ, ಯಾಕ ಹೊಡ್ಯಾಕತ್ತೀರಿ ಹೇಳ್ರಿ” ಎಂದ. ಸಾತಲಿಂಗಪ್ಪ ಹೇಳಿದ. ಹೊಲಿಗೆ ಹದಿನೆಂಟು ಎಂದಾಗ ಅಮೋಗಸಿದ್ಧನ ಮುಖ ಸಡಿಲಾಯಿತು.

“ಎಷ್ಟ ಕಾಡತೂಸ ಉಳದಾವ?”

“ಹತ್ತು.”

“ಸಾಕು. ನಾ ಹೇಳ್ತೀನಿ, ನೀವು ಹೊಡೀರಿ. ಪರವಾನಾ ನಿಮ್ದು, ಕಣ್ಣೂ ನಿಮ್ದ ಇರಬೇಕು.”

ಎರಡು ಚೀಲದಲ್ಲಿ ಮಣ್ಣು ತುಂಬಿಸಿ, ಅದರ ಮೇಲೆ ನಳಿಕೆ ಇಟ್ಟು, ಸಾತಲಿಂಗಪ್ಪನನ್ನು ಹೊಟ್ಟೆಯ ಮೇಲೆ ಮಲಗಿಸಿದ. ತಗಡನ್ನು ಇಪ್ಪತ್ತೈದು ಹೆಜ್ಜೆಗೆ ತರಿಸಿದ. ಮಕ್ಖಿಯನ್ನು ಮೊದಲಿನ ಗುರುತಿಗೆ ಕೂಡಿಸಿ, “ಮೂರು ಗುಂಡು ಒಂದ ನಮೂನಿ ಹೊಡೀರಿ. ತಪ್ಪಿದ್ರ ತಪ್ಪಲಿ, ಮೂರೂ ಒಂದ ಕಡೆ ತಪ್ಪಬೇಕು” ಎಂದ. “ಉಸರು ಅರ್ಧಾ ಬಿಟ್ಟು ಹಿಡೀರಿ. ಹಣಿ ಮ್ಯಾಲ ವಿಭೂತಿ ಅದ, ನೀವು ಜಂಗಮರ ಕೈಲೆ ದೀಕ್ಷಾ ತೊಗೊಂಡವ್ರಲ್ಲ? ಅಂಗೈಯಾಗ ಲಿಂಗ ಇಟ್ಕೊಂಡು ಹ್ಯಾಂಗ ನೋಡ್ತೀರಿ? ಹಂಗ ನೋಡ್ರಿ.”

ಆ ಮಾತು ಸಾತಲಿಂಗಪ್ಪನ ಒಳಗೆ ಎಲ್ಲೋ ಹೋಗಿ ತಾಗಿತು. ದಿನಾ ಬೆಳಗ್ಗೆ ಅರ್ಧ ತಾಸು ಅವನು ರೆಪ್ಪೆ ಹೊಡೆಯದೆ ಅಂಗೈಯ ಲಿಂಗವನ್ನು ನೋಡುತ್ತಿದ್ದ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ ಅವನಿಗೆ ಕೇಳುತ್ತಿರಲಿಲ್ಲ. ಈಗ ಮಕ್ಖಿಯ ತುದಿಯನ್ನು ಹಾಗೇ ನೋಡಿದ. ಬದುವಿನ ಮಂದಿ ಮರೆಯಾದರು, ಸೋನಾಬಾಯಿಯ ಗೊಣಗಾಟ ಮರೆಯಾಯಿತು. ಕುದುರೆ ಯಾವಾಗ ಒತ್ತಿದೆನೆಂಬುದು ಸದ್ದಾದ ಮೇಲೆ ಅವನಿಗೆ ತಿಳಿಯಿತು.

ಮೂರು ತೂತುಗಳು ಎಡಕ್ಕೆ, ನಾಲ್ಕು ಬೆರಳ ಅಗಲದಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಅಮೋಗಸಿದ್ಧ ಬಹಳ ಹೊತ್ತು ತಗಡನ್ನೇ ನೋಡಿದ. “ಸಾಹೇಬ್ರ, ನೀವು ತಪ್ಪಿ ಕಚೇರಿಗೆ ಹೋಗೀರಿ” ಎಂದ.

ಮಕ್ಖಿಗೆ ಎಡಕ್ಕೆ ಕೂದಲೆಳೆಯಷ್ಟು ತಟ್ಟಿದ. ಒಂಬತ್ತನೆಯ ಗುಂಡು ನಡುವಿನ ಗೆರೆಗೆ ಬಂತು, ಆದರೆ ವೃತ್ತಕ್ಕಿಂತ ಕೆಳಗೆ ಬಿತ್ತು. ಅವನು ಕಿಸೆಯಿಂದ ಸಣ್ಣ ಕಾನಸು ತೆಗೆದು, ಮಕ್ಖಿಯ ತಲೆಯನ್ನು ಎರಡೇ ಸಲ ಉಜ್ಜಿದ. “ಇದನ್ನ ಇಳಿಸಿದ್ರ ಗುಂಡು ಏರ್ತದ. ಉಜ್ಜಿದ್ದು ಮತ್ತ ಹಚ್ಚಾಕ ಬರಂಗಿಲ್ಲ, ಅದಕ್ಕ ಹುಷಾರ.” ತಗಡು ಮತ್ತೆ ನೂರು ಹೆಜ್ಜೆಗೆ ಹೋಯಿತು. ಹತ್ತು, ಹನ್ನೊಂದು, ಹನ್ನೆರಡು. ಪ್ರತಿ ಸಲವೂ ತಗಡು ಠಣ್ ಎಂದಿತು. ಬದುವಿನ ಮೇಲೆ ಈಗ ಯಾರೂ ಕೂಗಲಿಲ್ಲ. ಗುಡಿಯಲ್ಲಿ ಕುಳಿತವರ ಹಾಗೆ ಸುಮ್ಮನಿದ್ದರು.

ದವಾಖಾನೆಯಿಂದ ಬಂದ ಅಕ್ಕನಾಗಮ್ಮ ತಗಡಿನ ಹತ್ತಿರ ಹೋಗಿ ನಿಂತಳು. ಕೈಯಿಂದ ಒಂದು ಹಸಿರು ಬಳೆ ತೆಗೆದು ಕೊನೆಯ ಮೂರು ತೂತುಗಳ ಮೇಲೆ ಇಟ್ಟಳು. ಮೂರೂ ಬಳೆಯೊಳಗೆ ಬಂದವು. ಅವಳ ಕಣ್ಣು ತುಂಬಿದವು, ಹುಬ್ಬು ಮಾತ್ರ ಗಂಟಾಗಿತ್ತು.

“ಅಪ್ಪನ ಬಂದೂಕ ಹಿಂಗ ನೆಟ್ಟಗ ಯಾವಾಗ ಹೊಡೀತಿತ್ತು?”

“ಹೊಡೀತಿರಲಿಲ್ಲವಾ, ಈಗ ಹೊಡೀತದ” ಎಂದ ಅಮೋಗಸಿದ್ಧ. ಎಲ್ಲರೂ ನಕ್ಕರು. “ಇದಕ್ಕ ಶಾಸ್ತ್ರ ಬೇಕ್ರಿ” ಎಂದರು ಮಾಸ್ತರ.

ಕಾಯುವ ಅಟ್ಟಣಿಗೆಯಿಂದ ಜಾಲಿ ಕಂಟಿಯವರೆಗೆ ಇನ್ನೂರು ಹೆಜ್ಜೆ. ಅಷ್ಟು ದೂರಕ್ಕೂ ನೋಡಲೇಬೇಕೆಂದು ಅಮೋಗಸಿದ್ಧ ಹಟ ಹಿಡಿದ. ನಳಿಕೆಯ ಹಿಂಬದಿಯಲ್ಲಿ ಗುರಿ ನೋಡುವ ಪಟ್ಟಿಯನ್ನು ಒಂದು ಮನೆ ಏರಿಸಿ ಎರಡು ಗುಂಡು ಹೊಡೆಸಿದ. ಎರಡೂ ತಗಡಿಗೆ ಬಿದ್ದವು. ಡಬ್ಬಿಯಲ್ಲಿ ಒಂದೇ ಕಾಡತೂಸು ಉಳಿಯಿತು.

“ಒಂದ ಸಾಕು” ಎಂದ ಸಾತಲಿಂಗಪ್ಪ. ಆ ದನಿ ತನ್ನದೇ ಎಂದು ಅವನಿಗೆ ನಂಬಿಕೆಯಾಗಲಿಲ್ಲ. ಭುಜ ಬಾತು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಆದರೂ ಬೆನ್ನು ನೆಟ್ಟಗಾಗಿತ್ತು. ಸೋನಾಬಾಯಿ ಕೂಡ ಅವನಿಗೆ ಒಂದು ತಂಬಿಗೆ ಮಜ್ಜಿಗೆ ತಂದು ಕೊಟ್ಟಳು. “ಗೊಂಬಿ ತಲಿ ಹೋದ್ರ ಹೋಗ್ಲಿ. ಆ ಗಂಡಹಂದಿ ತಲಿ ತಗೀರಿ” ಎಂದಳು.

ಹೊತ್ತು ಇಳಿಯತೊಡಗಿದಾಗ ಬಂಡಿಯ ದಾರಿಯಲ್ಲಿ ಧೂಳೆಬ್ಬಿಸುತ್ತ ಒಂದು ಜೀಪು ಬಂತು. ಮುಂದೆ ಅಂಗಡಿಯ ಪಂಢರಿನಾಥ. ಅವನ ಮುಖ ಬಿಳಿಚಿತ್ತು. ಹಿಂದೆ ಜರಿ ರುಮಾಲಿನ, ಹಣೆ ತುಂಬ ವಿಭೂತಿಯ ಒಬ್ಬ ಹಿರಿಯರು, ಕೈಯಲ್ಲಿ ಒಂದು ಖಾಕಿ ಚೀಲ.

“ನಿಮ್ಮ ಮನೀಗೆ ಹೋಗಿದ್ವಿ. ಉಮಾಬಾಯಾರು ನೀವು ಇಲ್ಲಿ ಇದ್ದೀರಿ ಅಂದ್ರು” ಎಂದ ಪಂಢರಿನಾಥ ತೊದಲುತ್ತ. “ಸಾತಲಿಂಗಪ್ಪನವರ, ಘೋಟಾಳಾ ಆಗ್ಯದ. ಇವ್ರು ಅಕ್ಕಲಕೋಟದ ಅಡತಿ ಸಾವಕಾರ್ರು, ಚನ್ನವೀರಪ್ಪನವ್ರು. ಇವ್ರ ರೈಫಲೂ ಇಲೆಕ್ಷನ್ನಿಗೆ ನಮ್ಮಲ್ಲಿ ಜಮಾ ಇತ್ತು. ಎರಡೂ ಒಂದ ಕಾರ್ಖಾನಿದು, ಒಂದ ನಮೂನಿದು. ಎಣ್ಣಿ ಹಚ್ಚಿ ಇಡೂ ಮುಂದ ನಮ್ಮ ಮಂದಿ ಚೀಲಾ ಅದಲಬದಲ ಮಾಡ್ಯಾರ. ನಾನೂ ನಂಬರ ನೋಡದ ಕೊಟ್ಟುಬಿಟ್ಟೆ.”

ಪರವಾನಾ ಪುಸ್ತಕ ತೆಗೆದು ನಂಬರು ಹೋಲಿಸಿದರು. ಹೊಂದಲಿಲ್ಲ. ಚನ್ನವೀರಪ್ಪನವರು ತಂದಿದ್ದ ಚೀಲದೊಳಗಿನ ನಂಬರು ಅಂಕಿಗೆ ಅಂಕಿ ಹೊಂದಿತು. ಇಡೀ ದಿನ ಸಾತಲಿಂಗಪ್ಪ ಮಲಗಿ, ಬೆವರಿ, ಧ್ಯಾನ ಮಾಡಿ ಗುರಿ ಕೂಡಿಸಿದ್ದು ಇನ್ನೊಬ್ಬರ ರೈಫಲಿಗೆ.

ಚನ್ನವೀರಪ್ಪನವರು ಮಕ್ಖಿಯನ್ನು ನೋಡಿದರು. ಕಾನಸಿನ ಗುರುತು ಹೊಳೆಯುತ್ತಿತ್ತು. ಅವರು ತಗಡಿನ ಹತ್ತಿರ ನಡೆದು ಹೋದರು, ತೂತುಗಳ ಮೇಲೆ ಬೆರಳಾಡಿಸಿದರು, ತಿರುಗಿ ಬಂದು ಸಾತಲಿಂಗಪ್ಪನ ಎರಡೂ ಕೈ ಹಿಡಿದುಕೊಂಡರು.

“ಯಪ್ಪಾ ತಂದಿ! ನಾಕ ವರ್ಷಾತು, ಇದು ಎಡಕ್ಕ ಎಳೀತದಂತ ಪುಣೇಕ ಕಳಿಸಿದ್ದೆ, ಹೈದರಾಬಾದಕ್ಕ ಕಳಿಸಿದ್ದೆ. ಯಾರ ಕಡೆಯಿಂದಾನೂ ಆಗಲಿಲ್ಲ. ನಿಮ್ಮ ಕೈಗೆ ಬಂಗಾರದ ಕಡಗ ಹಾಕಬೇಕು.” ಕಡಗದ ಬದಲು ಮಠದ ಪ್ರಸಾದವೆಂದು ಒಂದು ಪೇಢೆಯ ಪೊಟ್ಟಣ ಕೊಟ್ಟರು.

“ಸಾವಕಾರ್ರ, ಇವತ್ತಿನ ಒಂದ ಸಂಜಿ ಬಿಟ್ಟು ಹೋಗ್ರಿ” ಎಂದ ಸಾತಲಿಂಗಪ್ಪ. “ಒಂದ ಗುಂಡು. ನೀವೂ ಇಲ್ಲೇ ಕೂಡ್ರಿ.”

ಹಿರಿಯರು ನಿಜವಾಗಿಯೂ ನೊಂದುಕೊಂಡರು. “ತಿಳೀದ ಹೊಡದದ್ದು ಬ್ಯಾರೆ, ತಿಳದು ಹೊಡಿಯೋದು ಬ್ಯಾರೆ ಅಪ್ಪಾ. ಪರವಾನಾ ನಂದು. ನಾಳೆ ಕೇಸಾದ್ರ ಇಬ್ಬರೂ ಒಳಗ.” ಅವರೇ ಹೊಡೆಯಬಹುದಲ್ಲ ಎಂದು ಅಮೋಗಸಿದ್ಧ ಅಂದ. ಅವರು ಕನ್ನಡಕ ತೆಗೆದು ಒರೆಸಿಕೊಂಡು, “ಹೊತ್ತು ಇಳದ ಮ್ಯಾಲ ನನಗ ಹಂದಿನೂ ಒಂದ, ಎಮ್ಮಿನೂ ಒಂದ” ಎಂದರು.

ಜೀಪು ಹೋಯಿತು. ಆರೂವರೆಯ ಗಾಡಿಗೆ ಗೇಟು ಹಾಕಬೇಕೆಂದು ಅಮೋಗಸಿದ್ಧ ತಲೆ ತಗ್ಗಿಸಿ ಹೋದ. ಅದೇ ಗಾಡಿಗೆ ಮಾಸ್ತರರೂ ಹೋದರು. ಹೋಗುವಾಗ “ಪದ್ಧತಿ ಬರೋಬ್ಬರಿ ಇತ್ತು, ವಸ್ತು ಬ್ಯಾರೆ ಆತು” ಎಂದು ಸಮಾಧಾನ ಹೇಳಿದರು. ಬದುವಿನ ಮಂದಿ ಆಟ ಮುಗಿಯಿತೆಂದು ಎದ್ದು ಮೈಮೇಲಿನ ಮಣ್ಣು ಕೊಡವಿಕೊಂಡರು.

ಅಟ್ಟಣಿಗೆಯ ಮೇಲೆ ಅಕ್ಕ ತಮ್ಮ ಇಬ್ಬರೇ ಉಳಿದರು. ಸಾತಲಿಂಗಪ್ಪನ ತೊಡೆಯ ಮೇಲೆ ಅಪ್ಪನ ನಿಜವಾದ ರೈಫಲ್, ಅದರೊಳಗೆ ಒಂದೇ ಕಾಡತೂಸು. ಇದು ಎತ್ತ ಹೊಡೆಯುತ್ತದೆಂದು ದೇವರಿಗೇ ಗೊತ್ತು. ಹಿಡಿಕೆ ಅಪ್ಪನ ಕೆನ್ನೆ ತಾಗಿ ತಾಗಿ ನುಣುಪಾಗಿತ್ತು. ಇದನ್ನು ಬೆಳಗ್ಗೆಯೇ ಗುರುತಿಸಬೇಕಿತ್ತು. ಹನ್ನೊಂದು ವರ್ಷ ಚೆಂಡುಹೂ ಏರಿಸಿದವನು ಒಮ್ಮೆಯೂ ಮುಟ್ಟಿ ನೋಡಿರಲಿಲ್ಲ.

“ಈಗ ನೋಡು, ಇದು ಅಪ್ಪಂದು” ಎಂದಳು ಅಕ್ಕನಾಗಮ್ಮ ಮೆಲ್ಲಗೆ. “ಇದು ನೂರ ಹೆಜ್ಜೀಗೆ ಒಂದ ಗೇಣು ಎಡಕ್ಕ ಬೀಳ್ತದ. ಅಪ್ಪ ಅಷ್ಟ ಬಿಟ್ಟು ಹಿಡೀತಿದ್ದ. ಯಾವತ್ತೂ ತಪ್ಪಿದ್ದಿಲ್ಲ.”

ಸಾತಲಿಂಗಪ್ಪ ಅಕ್ಕನ ಮುಖ ನೋಡಿದ. “ನಿನಗ ಹ್ಯಾಂಗ ಗೊತ್ತು?”

“ಅಪ್ಪ ಗುರಿ ಹೊಡಿಯೂ ಮುಂದ ದಿನಾ ನಾನ ಜೋಡಿ ಇರ್ತಿದ್ದೆ. ನೀ ಸಾಲಿಗೆ ಹೋಗ್ತಿದ್ದಿ.”

“ಮುಂಜಾನೆ ಯಾಕ ಹೇಳಲಿಲ್ಲ?”

“ಯಾರು ಕೇಳಿದ್ರಿ? ನಾ ಬರೂದ್ರಾಗ ಗಂಡಸರೆಲ್ಲಾ ಕೂಡಿ ನೆಟ್ಟಗ ಮಾಡಿದ್ರಿ. ಅಪ್ಪಂದ ಅಲ್ಲಂತ ಅನಸಿತ್ತು. ಎಲ್ಲಾರೂ ನಕ್ರಲ್ಲ, ಸುಮ್ಮನಾದೆ.”

ಅವನು ಅಕ್ಕನ ಕೈಯನ್ನು ಒಮ್ಮೆ ಒತ್ತಿದ.

ಸೂರ್ಯ ದಿಬ್ಬದ ಹಿಂದೆ ಇಳಿದ. ಅಷ್ಟು ಗುಂಡಿನ ಸದ್ದಾದ ಮೇಲೆ ಹಂದಿಗಳು ಬರಲಾರವು ಎಂದು ಊರವರು ಅಂದಿದ್ದರು. ಆದರೆ ಹುಟ್ಟಿದಾಗಿನಿಂದ ಹೋಟಗಿ ಜಂಕ್ಷನ್ನಿನ ಇಂಜಿನ್ನುಗಳ ಸದ್ದಿನಲ್ಲೇ ಬೆಳೆದ ಹಂದಿಗಳು ಅವು. ಮೊದಲು ಜಾಲಿ ಅಲುಗಿತು, ಆಮೇಲೆ ಆರೇಳು ಕಪ್ಪು ಬೆನ್ನುಗಳು ಸಾಲಾಗಿ ಬಂದವು. ಕೊನೆಗೆ ಒಂಟಿಯಾಗಿ, ಊರ ಗೌಡನ ನಡಿಗೆಯಲ್ಲಿ, ಆ ಗಂಡುಹಂದಿ ಬಂತು. ಒಂದು ಕೋರೆ ಮುರಿದಿತ್ತು, ಇನ್ನೊಂದು ಸಂಜೆಯ ಬೆಳಕಿನಲ್ಲಿ ಬೆಳ್ಳಗೆ ಕಂಡಿತು. ನೂ‍ರು ಹೆಜ್ಜೆಯ ಹತ್ತಿರ ಬಂದು, ತಲೆ ಬಲಕ್ಕೆ ಮಾಡಿ ಮಗ್ಗುಲು ತೋರಿಸಿಕೊಂಡು, ಶೇಂಗಾ ಬಳ್ಳಿಗೆ ಮೂತಿ ಹಚ್ಚಿತು.

ಸಾತಲಿಂಗಪ್ಪ ಉಸಿರು ಅರ್ಧ ಬಿಟ್ಟು ಹಿಡಿದ. ಒಂದು ಗೇಣು ಎಡಕ್ಕೆ ಬೀಳುವುದಾದರೆ ಒಂದು ಗೇಣು ಬಲಕ್ಕೆ ಹಿಡಿಯಬೇಕು. ಭುಜದ ಮೂಲದಿಂದ ಕಿವಿಯ ಮುಂದಕ್ಕೆ ಒಂದು ಗೇಣು ಅಳೆದು, ಮಕ್ಖಿಯನ್ನು ಅಲ್ಲಿ ನಿಲ್ಲಿಸಿದ. ಲಿಂಗವನ್ನು ನೋಡುವ ಹಾಗೆ ನೋಡಿದ. ಜೀವ ತೆಗೆಯುತ್ತಿದ್ದೇನೆ, ಕ್ಷಮಿಸು ಎಂದು ಮನಸ್ಸಿನಲ್ಲೇ ಬೇಡಿಕೊಂಡು ಒತ್ತಿದ.

ಹಂದಿಯ ಮೂತಿಯ ಮುಂದೆ, ಹಿಡಿದ ಜಾಗದಿಂದ ಇನ್ನೂ ಒಂದು ಗೇಣು ಬಲಕ್ಕೆ, ಮಣ್ಣು ಚಿಮ್ಮಿತು.

ಹಿಂಡು ಓಡಿ ಕಂಟಿ ಹೊಕ್ಕಿತು. ಗಂಡುಹಂದಿ ಮಾತ್ರ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು, ಅರ್ಜಿಗೆ ಕೋರ್ಟು ಫೀ ಟಿಕೀಟು ಹಚ್ಚದೆ ಬಂದವನನ್ನು ಸಾಹೇಬರು ನೋಡುವ ಹಾಗೆ ಅಟ್ಟಣಿಗೆಯನ್ನು ನೋಡಿತು.

“ಯಾಕೋ ತಮ್ಮಾ, ಅತ್ತ ಯಾಕ ಹಿಡದಿ?” ಎಂದಳು ಅಕ್ಕನಾಗಮ್ಮ.

“ನೀನ ಅಂದೆಲ್ಲಕ್ಕಾ! ಎಡಕ್ಕ ಬೀಳ್ತದಂತ. ಅದಕ್ಕ ಬಲಕ್ಕ ಹಿಡದೆ.”

“ಹೌದು, ಎಡಕ್ಕ ಬೀಳ್ತದ. ಆದ್ರ ಇದು ಬಲಕ್ಕ ಯಾಕ ಬಿತ್ತು?”

ಅವಳು ಯೋಚಿಸಿದಳು. ತನ್ನ ಎಡಗೈಯನ್ನು ಮುಂದೆ ಚಾಚಿ ನೋಡಿದಳು. ಆಮೇಲೆ ಎದ್ದು, ಅಟ್ಟಣಿಗೆಯ ಆ ತುದಿಗೆ ಹೋಗಿ, ಬೆನ್ನು ಹೊಲದ ಕಡೆ, ಮುಖ ತಮ್ಮನ ಕಡೆ ಮಾಡಿ ನಿಂತು ಮತ್ತೆ ಅದೇ ಕೈಯನ್ನು ಚಾಚಿದಳು. ಆ ಕೈ ಈಗ ಸಾತಲಿಂಗಪ್ಪನ ಬಲಕ್ಕಿತ್ತು. ಅವಳ ಬಾಯಿ ಮೆಲ್ಲಗೆ ತೆರೆಯಿತು.

“ಯವ್ವಾ... ಅಪ್ಪ ನನ್ನ ಗುರಿ ಹಂತ್ಯಾಕ ನಿಂದರಸ್ತಿದ್ದನೋ ತಮ್ಮಾ. ಬಂಡಿ ಹಿಂದ ಅಡಗಿ ಕೂತು, ಗುಂಡು ಬಿದ್ದಕೂಡಲೆ ಹೊರಗ ಬಂದು, ಅಪ್ಪನ ಕಡೆ ಮಾರಿ ಮಾಡಿ ಈ ಎಡಗೈ ತೋರಸ್ತಿದ್ದೆ.”

ಹೊಲದಲ್ಲಿ ಶೇಂಗಾ ಬಳ್ಳಿ ಕಿತ್ತ ಸದ್ದು ಕೇಳಿತು. ಗಂಡುಹಂದಿ ಊಟಕ್ಕೆ ಕುಳಿತಿತ್ತು. ಕಂಟಿಯಿಂದ ಉಳಿದವುಗಳೂ ಒಂದೊಂದಾಗಿ ಬಂದು ಪಂಕ್ತಿಯಲ್ಲಿ ಸೇರಿಕೊಂಡವು.